ಏಳನೇ ಪೆಟ್ಟಿಗೆ, ಎಂಟನೇ ಪೆಟ್ಟಿಗೆ

ಏಳನೇ ಪೆಟ್ಟಿಗೆಯ ಚೀಟಿ ಸಲೀಸಾಗಿ ಕಿತ್ತು ಬಂತು. ಎಂಟನೆಯದೂ ಅಷ್ಟೆ. ಇಷ್ಟು ದೊಡ್ಡ ಸಂಶೋಧನೆಗೆ ಇಷ್ಟು ಕಳಪೆ ಅಂಟೇ ಎಂದು ನರ್ಸಿಗೆ ನಗು ಬರಬೇಕಿತ್ತು. ನಗಲು ಪುರುಸೊತ್ತಿರಲಿಲ್ಲ. ಏಳನ್ನು ಎಂಟರ ಮೇಲೆ, ಎಂಟನ್ನು ಏಳರ ಮೇಲೆ ಅಂಟಿಸಿ ಫ್ರಿಜ್ಜಿನ ಬಾಗಿಲು ಹಾಕಿದಳು. ಊಟಕ್ಕೆ ಹೋದವರು ಇನ್ನೂ ಕೈ ತೊಳೆದಿರಲಿಲ್ಲ.

ಏಳನೇ ಹಾಸಿಗೆಯಲ್ಲಿದ್ದದ್ದು ಅವಳ ಚಿಕ್ಕಮ್ಮ. ತಾಯಿ ಹೋದ ಮೇಲೆ ತಲೆ ಬಾಚಿ, ಬೈದು, ಓದಿಸಿ ದೊಡ್ಡವಳನ್ನಾಗಿ ಮಾಡಿದ ಜೀವ. ಈಗ ಆ ಜೀವದ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ‘ರೋಗಿಗಳಲ್ಲಿ ನಿಮ್ಮ ಸಂಬಂಧಿಕರು ಇದ್ದಾರೆಯೇ?’ ಎಂಬ ಅರ್ಜಿಯ ಪ್ರಶ್ನೆಗೆ ನರ್ಸ್ ‘ಇಲ್ಲ’ ಎಂದು ಬರೆದಿದ್ದಳು. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಹಾಗೆಯೇ ಬರೆದಿದ್ದರು.

ಚಿಕಿತ್ಸೆ ಕೇಳುವುದಕ್ಕೆ ಸರಳ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿಗೆ ಕ್ಯಾನ್ಸರ್ ಔಷಧಿ ತುಂಬಿ ರಕ್ತಕ್ಕೆ ಬಿಡುತ್ತಾರೆ. ಅವು ಗಂಟಿನೊಳಗೆ ಹೋಗಿ ಠಿಕಾಣಿ ಹೂಡುತ್ತವೆ. ಮೇಲಿನಿಂದ ವಿಶೇಷ ಬೆಳಕು ಬಿಟ್ಟರೆ ಕಾದು, ಗಂಟನ್ನು ಒಳಗಿಂದಲೇ ಬೇಯಿಸಿ, ಔಷಧಿಯನ್ನೂ ಅಲ್ಲೇ ಉಗುಳುತ್ತವೆ. ಆದರೆ ಇದು ಪರೀಕ್ಷೆ. ಅರ್ಧ ಜನಕ್ಕೆ ಅಸಲಿ ಕಣ, ಉಳಿದವರಿಗೆ ಅದೇ ಬಣ್ಣದ ನೀರು. ಪ್ರತಿ ಹಾಸಿಗೆಗೂ ಅದರದೇ ಸಂಖ್ಯೆಯ ಪೆಟ್ಟಿಗೆ, ಅದರೊಳಗೆ ಎಲ್ಲ ಸಲದ ಬಾಟಲಿಗಳು. ಯಾರಿಗೆ ಯಾವುದು ಎಂಬ ಪಟ್ಟಿ ಮೊಹರು ಹಾಕಿದ ಲಕೋಟೆಯಲ್ಲಿ. ಲಕೋಟೆ ದೊಡ್ಡ ಡಾಕ್ಟರ ಬೀರುವಿನಲ್ಲಿ.

ಗುಟ್ಟು ಕಾಪಾಡಲು ಸಮಿತಿ ಮೂರು ದಿನ ಸಭೆ ನಡೆಸಿತ್ತು. ಬಾಟಲಿಗೆ ಬಟ್ಟೆ ಹೊದಿಸಿತು, ತಾಪ ತೋರಿಸುವ ಪರದೆಗೂ ಹೊದಿಸಿತು. ಬೆಳಕು ಬಿಡುವಾಗ ರೋಗಿಯ ಕುತ್ತಿಗೆ ಅಲುಗದಂತೆ ಹಿಡಿಯುವ ನರ್ಸಿಗೆ ಅಂಗೈ ಎಂಬುದೊಂದು ಇರುತ್ತದೆ ಎಂದು ಅಷ್ಟು ಜನ ಪಂಡಿತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆರು ಸಲದ ಚಿಕಿತ್ಸೆ. ಮೊದಲೆರಡು ಸಲ ಚಿಕ್ಕಮ್ಮನ ಕುತ್ತಿಗೆ ತಣ್ಣಗಿತ್ತು. ಎಂಟನೇ ಹಾಸಿಗೆಯವರದು ಕಾದಿತ್ತು. ಆಗಲೇ ಅವಳು ನಿರ್ಧರಿಸಿದ್ದು.

ಎಂಟನೇ ಹಾಸಿಗೆಯವರು ನಿವೃತ್ತ ಅಂಪೈರ್. ಮಲಗಿದಲ್ಲೇ ವಾರ್ಡಿನ ಜಗಳಗಳಿಗೆಲ್ಲ ತೀರ್ಪು ಕೊಡುತ್ತಿದ್ದರು.

“ನಿಮ್ಮ ಕಡೆಯವರು ಯಾರೂ ನೋಡೋಕೆ ಬರಲ್ವಾ?” ಎಂದು ಚಿಕ್ಕಮ್ಮ ಒಮ್ಮೆ ಕೇಳಿದ್ದಳು.

“ಮಗಳು ದೂರದಲ್ಲಿದ್ದಾಳಮ್ಮ. ಅಳಿಯನಿಗೆ ಮೈತುಂಬ ಕೆಲಸ. ಆದ್ರೆ ನನಗೇನು ಬೇಕೋ ಅದು ನಾನು ಬಾಯಿ ಬಿಡೋಕೆ ಮುಂಚೆನೇ ಆಗಿರುತ್ತೆ.”

ಮೂರನೇ ಸಲ ಬೆಳಕು ಬಿದ್ದಾಗ ಚಿಕ್ಕಮ್ಮ ಕಣ್ಣರಳಿಸಿದಳು. “ಏನೇ ಇದು, ಒಲೆ ಮುಂದೆ ಕೂತ ಹಾಗಿದೆ!” ನರ್ಸ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಐದನೇ ಸಲದ ಹೊತ್ತಿಗೆ ಗಂಟು ಕಡಲೆಕಾಳಿನಷ್ಟಾಯಿತು.

ಎಂಟನೆಯವರ ಗಂಟು ಮಾತ್ರ ಮತ್ತೆ ಬೆಳೆಯತೊಡಗಿತು. ದೊಡ್ಡ ಡಾಕ್ಟರು ಯಂತ್ರವನ್ನು ಬೈದರು. ರಿಪೇರಿಯವನನ್ನು ಎರಡು ಸಲ ಕರೆಸಿದರು. “ಎಂಟಕ್ಕೆ ಬಂದಾಗಲೇ ಹೇಗಯ್ಯ ಕೆಡುತ್ತೆ?” ಎಂದು ಕೂಗಾಡಿದರು. ಯಂತ್ರ ಸರಿಯಾಗಿಯೇ ಇತ್ತು.

“ಯಾಕೋ ತಣ್ಣಗಿದೆ ಮಗಳೇ. ಇರಲಿ ಬಿಡು, ಔಟ್ ಅಂದ್ರೆ ಔಟ್. ವಾದ ಮಾಡಬಾರದು,” ಎಂದು ಅಂಪೈರ್ ನರ್ಸಿನ ಕೈ ತಟ್ಟಿದರು. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. ಚಿಕ್ಕಮ್ಮನನ್ನು ಉಳಿಸಿಕೊಳ್ಳಲು ಪಾಪದ ಮುದುಕರ ಪಾಲು ಕದ್ದಿದ್ದೇನೆ; ಇನ್ನೊಂದೇ ಸಲದ ಔಷಧಿ ಉಳಿದಿದೆ. ಕೆಲಸ ಹೋದರೂ ಸರಿ, ಜೈಲಾದರೂ ಸರಿ ಎಂದು ನೇರ ದೊಡ್ಡ ಡಾಕ್ಟರ ಕೋಣೆಗೆ ನಡೆದಳು.

ಅವರು ಸಮ್ಮೇಳನದ ಭಾಷಣ ತಿದ್ದುತ್ತಿದ್ದರು. “ಕೇಳಿ ಸಿಸ್ಟರ್, ಹೇಗಿದೆ ಹೇಳಿ. ‘ನಮ್ಮ ಪರೀಕ್ಷೆಯ ಮುಂದೆ ರಾಜನೂ ಒಂದೇ, ಕೂಲಿಯೂ ಒಂದೇ.’ ”

“ಸರ್, ನನ್ನಿಂದ ತಪ್ಪಾಗಿದೆ. ಏಳನೇ ಪೆಟ್ಟಿಗೆ ಚೀಟಿ ಎಂಟಕ್ಕೆ, ಎಂಟರದ್ದು ಏಳಕ್ಕೆ ಅಂಟಿಸಿದ್ದು ನಾನೇ. ಮೂರನೇ ಸಲಕ್ಕೆ ಮುಂಚೆ. ಏಳನೇ ಹಾಸಿಗೇಲಿರೋದು ನನ್ನ ಚಿಕ್ಕಮ್ಮ. ಪೊಲೀಸರಿಗೆ ಬೇಕಾದ್ರೆ ಹೇಳಿ, ಆದ್ರೆ ಎಂಟನೆಯವರಿಗೆ ಅನ್ಯಾಯ ಆಗಬಾರದು.”

ದೊಡ್ಡ ಡಾಕ್ಟರ ಮುಖದ ಬಣ್ಣ ಇಳಿಯಿತು. ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದರು. ಬೈಗುಳಕ್ಕೆ ಸಿದ್ಧಳಾಗಿ ಅವಳು ತಲೆ ತಗ್ಗಿಸಿ ನಿಂತಳು.

“ಅಯ್ಯೋ ಪುಣ್ಯಾತ್ಗಿತ್ತಿ,” ಎಂದರು ಅವರು ಪಿಸುದನಿಯಲ್ಲಿ, “ಮೊದಲನೇ ದಿನವೇ ನಮ್ಮ ಮಾವನಿಗೋಸ್ಕರ ನಾನು ಅದಲುಬದಲು ಮಾಡಿಟ್ಟಿದ್ದನ್ನ ವಾಪಸ್ ಸರಿಮಾಡಿದ್ದು ನೀನಾ?”