ಅರ್ಧ ಡಬ್ಬಿ ಮಾತ್ರೆ

“ನನ್ನ ತಮ್ಮ ಅಲ್ಲಿ ದವಾಖಾನ್ಯಾಗ ಉಸಿರಿಗೆ ಒದ್ದಾಡಾಕತ್ತಾನ, ನೀವಿಲ್ಲಿ ಕಲ್ಲಿನಂಗ ಕುಂತೀರಲ್ರೀ! ನಿಮಗ ಕರುಳು ಐತೇನು?” ನೀಲವ್ವ ಡಾಕ್ಟರ ಚೀಟಿಯನ್ನು ಗಂಡನ ಮುಖಕ್ಕೆ ಹಿಡಿದಳು.

ಎಚ್‌ಐವಿ ವೈರಸ್ಸಿನ ಕಿಣ್ವವನ್ನು ಕಟ್ಟಿಹಾಕುವ ಹಳೆಯ ಮಾತ್ರೆಯನ್ನೇ ಕೊರೊನಾಕ್ಕೂ ಕೊಟ್ಟು ನೋಡೋಣ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಊರಿನ ಯಾವ ಔಷಧಿ ಅಂಗಡಿಯಲ್ಲೂ ಅದು ಸಿಕ್ಕಿರಲಿಲ್ಲ.

ಗಂಡ ಎದ್ದು ಒಳಗೆ ಹೋದ. ತನ್ನ ಟ್ರಂಕಿನ ಬೀಗ ತೆಗೆದು, ಒಂದು ಡಬ್ಬಿ ತಂದು ಅವಳ ಕೈಗಿಟ್ಟ. ಚೀಟಿಯಲ್ಲಿದ್ದ ಹೆಸರೇ! ನೀಲವ್ವ ಅಳುತ್ತಲೇ ನಕ್ಕಳು.

“ಎಂಥಾ ಕಳ್ಳರೀ ನೀವು! ಎಲ್ಲಿಂದ ತಂದ್ರಿ? ಅರ್ಧ ಖಾಲಿ ಆಗೇತಿ, ಯಾರು ನುಂಗ್ಯಾರ?”

“ನಾನ. ಆರು ವರ್ಷದಿಂದ ದಿನಾ ನುಂಗಾಕತ್ತೀನಿ.”

ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡು ಹೊಸ್ತಿಲು ದಾಟಿದ ನೀಲವ್ವ ಮತ್ತೆ ಆ ಮನೆಗೆ ಬರಲಿಲ್ಲ.