ನೊರೆ ಏಳದ ಬೆಳಿಗ್ಗೆ

ಫೋಟಿಸ್ ಕುಂಚವನ್ನು ಸಾಬೂನಿನ ಬಟ್ಟಲಲ್ಲಿ ತಿರುಗಿಸಿಯೇ ತಿರುಗಿಸಿದ. ನೊರೆ ಮಾತ್ರ ಏಳಲೊಲ್ಲದು. ಎದುರಿನ ಕುರ್ಚಿಯಲ್ಲಿ ಮದುಮಗ ಸ್ಟಮಾಟಿಸ್ ಕೊರಳಿಗೆ ಟವೆಲು ಸುತ್ತಿಕೊಂಡು, ಗದ್ದ ಮೇಲೆತ್ತಿ ವಿಧೇಯನಾಗಿ ಕೂತಿದ್ದ. ಆಸ್ಟ್ರೇಲಿಯಾದ ಮರಳುಗಾಡಿನ ಗಣಿಯೂರು ಕೂಬರ್ ಪೀಡಿಯ ನೆಲದಡಿಯ ಮನೆ ಎಷ್ಟು ತಂಪಿದ್ದರೇನು, ಮದುಮಗನ ಕ್ಷೌರ ಬಾಗಿಲಾಚೆ ಬಿಸಿಲಲ್ಲಿ, ಪಿಟೀಲಿನವರ ಮುಂದೆ, ನೆಂಟರಿಷ್ಟರ ಕಣ್ಣೆದುರೇ ಆಗಬೇಕು.

ಬರೀ ಕ್ಷೌರವಾಗಿದ್ದರೆ ಯಾರು ಕೇಳುತ್ತಿದ್ದರು? ನಮ್ಮ ಗ್ರೀಕರಲ್ಲಿ ಮದುಮಗನ ಗಲ್ಲಕ್ಕೆ ಕತ್ತಿ ಇಟ್ಟವನೇ ಸಂಜೆ ಚರ್ಚಿನಲ್ಲಿ ವಧೂವರರ ತಲೆಯ ಮೇಲಿನ ಕಿರೀಟಗಳನ್ನು ಅದಲುಬದಲು ಮಾಡುವ ಜೊತೆಗಾರ. ಮುಂದೆ ಅವನು ಆ ಮನೆಗೆ ಒಡಹುಟ್ಟಿದವನ ಸಮ. ಸ್ಟಮಾಟಿಸ್ ತನ್ನ ಜೊತೆ ಒಂದೇ ಗುಂಡಿಯಲ್ಲಿ ಓಪಲ್ ರತ್ನ ಅಗೆಯುವ ಫೋಟಿಸ್‌ನನ್ನು ಆರಿಸಿಬಿಟ್ಟಿದ್ದ. ಆ ಗೌರವ ತನ್ನದೇ ಎಂದು ವರ್ಷಗಟ್ಟಲೆ ಕನಸು ಕಂಡಿದ್ದ ಸೋದರಮಾವ ಪಂತೆಲಿಸ್‌ಗೆ ಅದು ಸುತರಾಂ ಹಿಡಿಸಿರಲಿಲ್ಲ. ಅದೂ ಆರಿಸಿದ್ದು ಎಂಥವನನ್ನು? ಮೀಸೆ ಮೂಡಿದಂದಿನಿಂದ ಮುಖಕ್ಕೆ ಕತ್ತಿ ಮುಟ್ಟಿಸದೆ, ಎದೆಯವರೆಗೆ ಗಡ್ಡ ಇಳಿಬಿಟ್ಟವನನ್ನು.

ಫೋಟಿಸ್ ಕುಂಚದ ತುದಿಯನ್ನಷ್ಟೇ ನೀರಿಗೆ ಸೋಕಿಸಿದ್ದ. ತಪ್ಪು ಅವನೊಬ್ಬನದಲ್ಲ ಬಿಡಿ. ಲಾರಿಯಲ್ಲಿ ಬಂದ ನೀರು ಕುಡಿದು ಬೆಳೆದ ಊರಿನವರ ಕೈ, ನೀರು ಕಂಡೊಡನೆ ತಾನಾಗಿ ಬಿಗಿಯಾಗುತ್ತದೆ. ಹಾಗೆ ಉಜ್ಜಿದ್ದಕ್ಕೆ ನೊರೆಯ ಬದಲು ಗೋಡೆಗೆ ಬಳಿಯುವ ಸುಣ್ಣದಂಥದ್ದು ಎದ್ದಿತು. ಬಳಿದದ್ದೇ ತಡ, ಮರಳುಗಾಡಿನ ಗಾಳಿ ಅದನ್ನು ಒಣಗಿಸಿ ಹಾಕಿತು. ಕತ್ತಿ ಎಳೆದರೆ ಕೂದಲು ಕಿತ್ತುಬಂತು.

"ಅಯ್ಯಯ್ಯೋ, ಬೋಳಿಸ್ತಿದ್ದೀಯೋ ಸುಲೀತಿದ್ದೀಯೋ?" ಎಂದ ಸ್ಟಮಾಟಿಸ್, ಕಣ್ಣಲ್ಲಿ ನೀರು ತಂದುಕೊಂಡು.

"ನೀರು ಹಾಕೋ, ನೀರು. ನಿಮ್ಮಪ್ಪನ ಮನೆ ಗಂಟೇನೂ ಹೋಗಲ್ಲ," ಎಂದ ಪಂತೆಲಿಸ್.

ಫೋಟಿಸ್ ರೋಷದಲ್ಲಿ ಒಂದು ಸೌಟು ನೀರನ್ನೇ ಬಟ್ಟಲಿಗೆ ಸುರಿದ. ಈಗ ಎದ್ದದ್ದು ಪಾತ್ರೆ ತೊಳೆವ ನೀರಿನ ಗುಳ್ಳೆ. ಗಲ್ಲ ಮುಟ್ಟುವ ಮೊದಲೇ ಟಪ್ಪನೆ ಒಡೆದು, ಮದುಮಗನ ಹೊಸ ಬನಿಯನ್ನಿನೊಳಗೆ ಇಳಿದು ಹೋಯಿತು. ಹೆಂಗಸರು ಬಿದ್ದು ಬಿದ್ದು ನಕ್ಕರು. ಪಿಟೀಲಿನವನು ಬೇಕೆಂದೇ ಅಳುವ ರಾಗವೊಂದನ್ನು ಎಳೆದ.

ಪಂತೆಲಿಸ್ ಕೈ ಚಾಚಿದ. "ತಾ ಇಲ್ಲಿ ಕುಂಚ. ಗಡ್ಡದವನಿಗೇನು ಗೊತ್ತು ಗಲ್ಲದ ಸಮಾಚಾರ. ಅಡಿಲೇಡಿಂದ ಪಾದ್ರಿ ಬಂದು ಕೂತಾಗಿದೆ. ನಿನ್ನ ನೊರೆ ಏಳೋ ಹೊತ್ತಿಗೆ ಮದುಮಗಳು ಅಜ್ಜಿ ಆಗಿರ್ತಾಳೆ."

ಈಗ ಕುಂಚ ಕೊಟ್ಟರೆ ಸಂಜೆಯ ಕಿರೀಟವನ್ನೂ ಕೊಟ್ಟಂತೆಯೇ. ಫೋಟಿಸ್ ಗೆಳೆಯನ ಮುಖ ನೋಡಿದ.

"ಅವನೇ ಮಾಡ್ಲಿ ಬಿಡಿ ಮಾವ," ಎಂದ ಸ್ಟಮಾಟಿಸ್. "ಹೋದ್ರೆ ಹೋಗೋದು ನನ್ನ ಚರ್ಮ ತಾನೆ."

ಫೋಟಿಸ್ ಏನು ಮಾಡುವುದೋ ತೋಚದೆ, ಕುಂಚ ಹಿಡಿದ ಕೈಯಲ್ಲೇ ಗಡ್ಡ ಕೆರೆದುಕೊಂಡ. ಕೆರೆದುಕೊಂಡೇ ನಿಂತ. ಅಷ್ಟರಲ್ಲಿ ಸ್ಟಮಾಟಿಸ್ ಕಿಸಕ್ಕೆಂದ. "ಲೋ, ನಿನ್ನ ಗಡ್ಡ ನೋಡ್ಕೊಳ್ಳೋ."

ಫೋಟಿಸ್ ಗಡ್ಡ ಮುಟ್ಟಿ ನೋಡಿದ. ಬೆರಳಿಗೆ ದಪ್ಪ ಕೆನೆಯಂಥದ್ದು ಹತ್ತಿತು. ಬಟ್ಟಲಲ್ಲಿ ಹಟ ಹಿಡಿದ ಸಾಬೂನು ಅವನ ಗಡ್ಡದ ಪೊದೆಯಲ್ಲಿ ತಾನಾಗಿ ಅರಳಿತ್ತು. ಆಮೇಲೆ ಅವನನ್ನು ಹಿಡಿಯುವವರು ಯಾರು? ಸಾಬೂನಿನ ಉಂಡೆಯನ್ನು ಗಡ್ಡಕ್ಕೇ ಉಜ್ಜಿದ. ಕುಂಚವನ್ನು ಸುತ್ತ ಸುತ್ತ ಆಡಿಸಿದ. ಒಣಗಿತೆನ್ನಿಸಿದಾಗ ಬೆರಳಿಂದ ಹನಿ ನೀರು ಚಿಮುಕಿಸಿ ಮತ್ತೆ ಸುತ್ತಿದ. ಕಡೆದ ಬೆಣ್ಣೆ ಮೇಲೆ ಬಂದ ಹಾಗೆ ನೊರೆ ಎದ್ದು ಎದೆಗೆ ಇಳಿಯಿತು. ಕುಂಚ ಮಗುಚಿ ಹಿಡಿದರೂ ಬೀಳಲಿಲ್ಲ.

"ಗುಂಡಿಯ ಧೂಳೆಲ್ಲ ಅದರೊಳಗೇ ಇದೆಯೇನೋ?" ಎಂದ ಸ್ಟಮಾಟಿಸ್.

"ಇಲ್ಲ ಕಣೋ. ನಿನ್ನ ಮದುವೆ ಅಂತ ಬೆಳಿಗ್ಗೆ ತೊಳ್ಕೊಂಡು ಬಂದಿದ್ದೀನಿ. ಬಾಯಿ ಮುಚ್ಚು, ಒಳಗೆ ಹೋಗುತ್ತೆ."

ತನ್ನ ಗಡ್ಡದಿಂದ ಕುಂಚಕ್ಕೆ ಬಳಿದುಕೊಂಡ ನೊರೆಯನ್ನು ಅವನು ಗೆಳೆಯನ ಗಲ್ಲಕ್ಕೆ ತಂದ. ಮೊದಲು ಕೂದಲಿಗೆ ಎದುರಾಗಿ ಸುತ್ತು ಸುತ್ತಾಗಿ ಉಜ್ಜಿ, ಮಲಗಿದ ಕೂದಲನ್ನೆಲ್ಲ ಎಬ್ಬಿಸಿದ. ಮೇಲೆ ಗೋಡೆಗೆ ಬಣ್ಣ ಬಳಿದಂತೆ ಅಡ್ಡಡ್ಡ ಸವರಿ ಸಮ ಮಾಡಿದ. ಕತ್ತಿ ಇಟ್ಟ. ಪಿಟೀಲು ನಿಂತಿತು. ಕತ್ತಿ ಸರ್ರನೆ ಜಾರಿತು, ನೊರೆಯ ಹಿಂದೆ ನಯವಾದ ಕೆನ್ನೆ ಮೂಡಿ ಬಂತು. ಕೊನೆಯ ಎಳೆತ ಮುಗಿದಾಗ ಫೋಟಿಸ್ ಉಸಿರು ಬಿಟ್ಟ. ಇಷ್ಟು ಖುಷಿ ಅವನಿಗೆ ಎಂದೂ, ಯಾವ ಓಪಲ್ ಸಿಕ್ಕಾಗಲೂ ಆಗಿರಲಿಲ್ಲ.

ಪಂತೆಲಿಸ್ ಹತ್ತಿರ ಬಂದ. ಅಳಿಯನ ಕೆನ್ನೆಯ ಮೇಲೆ ಅಂಗೈ ಸವರಿದ, ಗದ್ದದ ಕೆಳಗೆ ಸವರಿದ, ಕಿವಿಯ ಹಿಂದೆ ಹುಡುಕಿದ. ಎಲ್ಲೂ ಒಂದು ಮುಳ್ಳು ಸಿಗಲಿಲ್ಲ. "ಹ್ಞೂಂ," ಎಂದ. ಪಿಟೀಲು ಮತ್ತೆ ಶುರುವಾಯಿತು. ಹೆಂಗಸರು ಸ್ಟಮಾಟಿಸ್‌ನನ್ನು ಎಬ್ಬಿಸಿ, ಬಾದಾಮಿ ಬಿಸ್ಕತ್ತು ತಿನ್ನಿಸುತ್ತ ಒಳಗೆ ಕರೆದೊಯ್ದರು.

ಫೋಟಿಸ್ ಗಡ್ಡ ತೊಳೆಯಲು ನೀರಿನ ಚೊಂಬಿಗೆ ಕೈ ಹಾಕಿದ.

"ತಡಿಯೋ, ತಡಿ," ಎಂದ ಪಂತೆಲಿಸ್ ಗದರಿಸುವ ದನಿಯಲ್ಲಿ. "ಅಷ್ಟು ಒಳ್ಳೇ ನೊರೆ, ಸುಮ್ನೆ ಮಣ್ಣಿಗೆ ಚೆಲ್ತೀಯಾ?"

ಖಾಲಿ ಕುರ್ಚಿಯಲ್ಲಿ ಕೂತು, ಟವೆಲನ್ನು ತಾನೇ ಸುತ್ತಿಕೊಂಡು, ಕಣ್ಣು ಮುಚ್ಚಿ, ನರೆತ ಕೂಳೆಯ ತನ್ನ ಗಂಟಲನ್ನು ಅವನು ಫೋಟಿಸ್‌ನ ಕತ್ತಿಗೆ ಎತ್ತಿ ಹಿಡಿದ.