ಎಲುಬಿನ ಸೂಜಿ

"ಏಳು, ಮನೀಗೆ ಹೋಗೋಣ," ಎಂದು ಭೀಮಸೇನರು ಮಗಳ ತೋಳು ಹಿಡಿದರು. ಸಾವಿರದ ಒಂಬೈನೂರ ಅರವತ್ತನಾಲ್ಕರ ಒಂದು ಭಾನುವಾರ ಬರೋಡಾದ ಮ್ಯೂಸಿಯಮ್ಮಿನಲ್ಲಿ ಹತ್ತು ಮಕ್ಕಳು ಚಾಪೆಯ ಮೇಲೆ ಕೂತು, ಬಡಿದು ಮೆದುಮಾಡಿದ ತೊಗಟೆಯಿಂದ ಶಿಲಾಯುಗದವರ ಹಾಗೆ ಉಡುಪು ಹೊಲಿಯುತ್ತಿದ್ದರು. ಹೊಲಿಯುವುದು ಎಲುಬಿನ ಸೂಜಿಯಿಂದ ಎಂದು ಮಗಳು ವೃಂದಾ ಹಿಂದಿನ ರಾತ್ರಿ ಬಾಯಿಬಿಟ್ಟದ್ದೇ ತಡ, ಮಡಿಯ ಅಜ್ಜಿ ಊಟ ಬಿಟ್ಟು ಎದ್ದಿದ್ದರು. ಈವರೆಗೆ ನೀರೂ ಮುಟ್ಟಿರಲಿಲ್ಲ.

"ಎಲುಬು ಮುಟ್ಟಿದ ಕೈಲೆ ಅಜ್ಜಿ ಹತ್ರ ಹ್ಯಾಂಗ ಹೋಗ್ತೀ?"

ವೃಂದಾ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಬೆರಳುದ್ದದ ಜಾಲಿ ಮುಳ್ಳಿತ್ತು. ಅದರ ಬುಡದಲ್ಲಿ ಗೀರು ಕೊರೆದು ನಾರಿನ ಎಳೆ ಕಟ್ಟಿದ್ದಳು. "ನಾ ಎಲುಬು ಮುಟ್ಟೇ ಇಲ್ಲಪ್ಪಾ. ಮುಂಜಾನೆ ರೇಲ್ವೆ ಕಾಲನಿ ಬೇಲಿಯಿಂದ ಇದನ್ನ ಕಿತ್ಕೊಂಡು ಬಂದೆ. ಇದು ಅಜ್ಜಿಗೆ ನಡೀತದಲ್ಲಾ?"

ಪಾಠ ಹೇಳುತ್ತಿದ್ದ ಕುಸುಮಬೆನ್ ಆ ಮುಳ್ಳನ್ನು ತೆಗೆದುಕೊಂಡು ತಾವೇ ಎರಡು ಹೊಲಿಗೆ ಹಾಕಿ ನೋಡಿದರು. ಆಮೇಲೆ ನಿಧಾನವಾಗಿ ಹಿಂದಿಯಲ್ಲಿ ಹೇಳಿದರು: "ಭಾಯಿ, ಎಲುಬು ಮಣ್ಣಿನಲ್ಲಿ ಉಳಿಯುತ್ತದೆ, ಅಗೆದರೆ ಸಿಗುತ್ತದೆ. ಮುಳ್ಳು ಕೊಳೆತುಹೋಗುತ್ತದೆ. ಶಿಲಾಯುಗದಲ್ಲೂ ಮುಳ್ಳಿನಿಂದ ಹೊಲಿದವರು ಇದ್ದಿರಬಹುದು. ಇಷ್ಟು ವರ್ಷ ಕಲಿಸಿದರೂ ನನಗಿದು ಹೊಳೆದಿರಲಿಲ್ಲ."

ಭೀಮಸೇನರ ಕೈ ಮಗಳ ತೋಳಿನಿಂದ ತಾನಾಗಿ ಜಾರಿತು. ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಬಂದವು. ಚಾಪೆಯ ಅಂಚಿನಲ್ಲಿ ಕೂತು, ತೊಗಟೆಯ ಎರಡು ತುದಿಗಳನ್ನು ಜೋಡಿಸಿ ಹಿಡಿದರು.

"ಹೊಲಿ, ಅವ್ವಾ," ಎಂದರು. "ಅಜ್ಜಿಗೆ ನಾನ ಹೇಳ್ತೀನಿ."